ಎಲ್‌ಎನ್‌ಜಿಯ ತಂಪಿನಿಂದ ಕರೆಂಟು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಚ್ಚಿಯಿಂದ ಮಂಗಳೂರಿಗೆ ಹೋಗುವ 450 ಕಿಲೋಮೀಟರ್ ಉದ್ದದ ಅನಿಲ ಕೊಳವೆ ನಮ್ಮ ಜಿಲ್ಲೆಯ ಗುಡ್ಡೆ, ಬಯಲು, ತೋಟಗಳ ಅಡಿಯಿಂದ ಸಾಗುತ್ತದೆ. ಎಲ್‌ಎನ್‌ಜಿ ಎಂಬ ಅತಿ ತಣ್ಣನೆಯ ದ್ರವವಾಗಿ ಹಡಗಿನಲ್ಲಿ ಕೊಚ್ಚಿಗೆ ಬಂದು, ಅಲ್ಲಿ ಮತ್ತೆ ಅನಿಲವಾದದ್ದು ಅದರಲ್ಲಿ ಹರಿಯುತ್ತದೆ. ಆ ದ್ರವದ ತಂಪಿನಿಂದ ಕರೆಂಟು ಮಾಡಬಹುದು ಎಂಬುದೇ ಈ ಬರಹದ ವಿಷಯ. ಚಂದ್ರಗಿರಿ ಹೊಳೆಯ ತಳದಡಿ ಅದನ್ನು ದಾಟಿಸುವ ಕೆಲಸ ಕೊನೆಯವರೆಗೂ ಕಾಡಿತು. ಅದು ಮುಗಿದ ಮೇಲೆ, 2021ರ ಜನವರಿ 5ರಂದು ಕೊಳವೆಯ ಉದ್ಘಾಟನೆ ಆಯಿತು. ಅಂದಿನಿಂದ ಮದುವೆಮನೆಯಲ್ಲಿ, ಬಸ್ಸಿನಲ್ಲಿ, ವಾಚನಾಲಯದಲ್ಲಿ ಜನ ನನ್ನನ್ನು ಒಂದಲ್ಲ ಒಂದು ಪ್ರಶ್ನೆ ಕೇಳುತ್ತಲೇ ಇದ್ದಾರೆ. ನಾನು ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು. ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಕೊಲ್ಲಿ ನಾಡಿನ ಅನಿಲ ಸ್ಥಾವರಗಳಲ್ಲಿ ದುಡಿಯುತ್ತಿದ್ದಾರೆ. ಊರಿಗೆ ಬಂದಾಗ ಅವರು ಹೇಳಿದ್ದು, ನಾನು ಓದಿದ್ದು, ಲೆಕ್ಕ ಹಾಕಿ ನೋಡಿದ್ದು ಎಲ್ಲವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳನ್ನು ಜನ ಕೇಳಿದ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ.

ಮಾಷ್ಟ್ರೇ, ಈ ಎಲ್‌ಎನ್‌ಜಿ ಅಂದರೆ ಅಡುಗೆ ಸಿಲಿಂಡರಿನ ಗ್ಯಾಸೇ ಅಲ್ಲವೇ?

ಅಲ್ಲ. ಸಿಲಿಂಡರಿನಲ್ಲಿ ಇರುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್. ಅದು ನಮ್ಮ ಸಾಧಾರಣ ಹವೆಯಲ್ಲೇ ಒತ್ತಡ ಕೊಟ್ಟರೆ ದ್ರವವಾಗುತ್ತದೆ. ಎಲ್‌ಎನ್‌ಜಿ ಎಂದರೆ ದ್ರವೀಕರಿಸಿದ ನೈಸರ್ಗಿಕ ಅನಿಲ. ಅದರಲ್ಲಿ ಬಹುಪಾಲು ಮೀಥೇನ್. ಮೀಥೇನನ್ನು ಎಷ್ಟು ಅದುಮಿದರೂ ನಮ್ಮ ಹವೆಯಲ್ಲಿ ಅದು ದ್ರವವಾಗುವುದಿಲ್ಲ, ತಣಿಸಲೇಬೇಕು. ಸೊನ್ನೆಗಿಂತ ಸುಮಾರು 162 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಸಿದಾಗ ಅದು ನೀರಿನಂತೆ ತಿಳಿಯಾದ, ಬಣ್ಣವಿಲ್ಲದ, ವಾಸನೆಯಿಲ್ಲದ ದ್ರವವಾಗುತ್ತದೆ. ಆಗ ಅದರ ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಡಗಿನಲ್ಲಿ ತರಲು ಸಾಧ್ಯವಾಗುವುದು ಇದರಿಂದಲೇ.

ನಮ್ಮ ಕಡೆ ಈ ಎರಡನ್ನೂ ಒಂದೇ ಎಂದು ಹೆದರುವುದಕ್ಕೆ ಕಾರಣವಿದೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಟ್ಯಾಂಕರ್ ಮಗುಚಿ ಆದ ಅನಾಹುತವನ್ನು ಯಾರೂ ಮರೆತಿಲ್ಲ. ಅದು ಎಲ್‌ಪಿಜಿ. ಗಾಳಿಗಿಂತ ಭಾರವಾದ ಅನಿಲ, ಸೋರಿದರೆ ನೆಲ ಹಿಡಿದು ಹರಿಯುತ್ತದೆ. ಮೀಥೇನ್ ಬೆಚ್ಚಗಾದ ಮೇಲೆ ಗಾಳಿಗಿಂತ ಹಗುರ, ಮೇಲಕ್ಕೆ ಏರಿ ಚದುರುತ್ತದೆ.

ಬಿಸಿ ಇದ್ದರೆ ಕರೆಂಟು ಮಾಡಬಹುದು, ಸರಿ. ತಂಪಿನಿಂದ ಹೇಗೆ?

ಇಡೀ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಗುಡ್ಡೆಗಳ ಸುರಂಗ ನೆನಪು ಮಾಡಿಕೊಳ್ಳಿ. ಮುರಕಲ್ಲನ್ನು ಅಡ್ಡಲಾಗಿ ಕೊರೆದು ಒಳಗಿನ ಒರತೆಯನ್ನು ಹಿಡಿಯುತ್ತೇವೆ, ನೀರು ಪಂಪಿಲ್ಲದೆ ತೋಟಕ್ಕೆ ಹರಿದು ಬರುತ್ತದೆ. ಹರಿಯುವುದಕ್ಕೆ ಕಾರಣ ನೀರು ಎತ್ತರದಲ್ಲಿದೆ ಎಂಬುದಷ್ಟೇ ಅಲ್ಲ, ತೋಟ ತಗ್ಗಿನಲ್ಲಿದೆ ಎಂಬುದೂ ಹೌದು. ಗುಡ್ಡೆಯನ್ನು ಎತ್ತರಿಸಿದರೂ ಒಂದೇ, ತಗ್ಗನ್ನು ಇನ್ನಷ್ಟು ಆಳ ಮಾಡಿದರೂ ಒಂದೇ. ನೀರಿಗೆ ಬೇಕಾದದ್ದು ಇಳಿಜಾರು.

ಶಾಖವೂ ಹಾಗೆಯೇ. ಬಿಸಿಯಾದಲ್ಲಿಂದ ತಂಪಾದಲ್ಲಿಗೆ ಇಳಿಯುತ್ತದೆ. ಆ ಇಳಿತದ ನಡುವೆ ಯಂತ್ರ ಇಟ್ಟರೆ ಕೆಲಸ ಸಿಗುತ್ತದೆ. ಕಲ್ಲಿದ್ದಲಿನ ಸ್ಥಾವರದಲ್ಲಿ ನಾವು ಗುಡ್ಡೆಯನ್ನು ಎತ್ತರಿಸುತ್ತೇವೆ: ಉಗಿಯನ್ನು ಐನೂರು ಡಿಗ್ರಿ ದಾಟಿಸಿ, ಹೊಳೆ ಅಥವಾ ಸಮುದ್ರದ ನೀರಿನ ಮಟ್ಟಕ್ಕೆ ಇಳಿಸುತ್ತೇವೆ. ಎಲ್‌ಎನ್‌ಜಿಯಲ್ಲಿ ಅದು ತಿರುವುಮುರುವು. ಇಲ್ಲಿ ಸಮುದ್ರದ ನೀರೇ ಗುಡ್ಡೆ, ಎಲ್‌ಎನ್‌ಜಿ ಎಂಬುದು ಆಳವಾದ ಕಣಿವೆ. ನಮ್ಮ ಅರಬ್ಬಿ ಸಮುದ್ರದ ಮೇಲ್ನೀರು ಸುಮಾರು 28 ಡಿಗ್ರಿ, ಎಲ್‌ಎನ್‌ಜಿ ಸೊನ್ನೆಗಿಂತ 162 ಕೆಳಗೆ. ನಡುವೆ 190 ಡಿಗ್ರಿಯ ಇಳಿಜಾರು. ಬೆಂಕಿಕಡ್ಡಿಯೂ ಗೀರದೆ ಸಿಕ್ಕಿದ ಇಳಿಜಾರು ಅದು.

ಎಷ್ಟು ದೊಡ್ಡದು ಎಂದು ತಿಳಿಯಲು ಒಂದು ಹೋಲಿಕೆ. ಲಕ್ಷದ್ವೀಪದ ಕವರಟ್ಟಿಯಲ್ಲಿ 2005ರಿಂದ ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರವಿದೆ. ಮೇಲಿನ ಬೆಚ್ಚಗಿನ ನೀರು ಮತ್ತು ಆಳದ ತಣ್ಣನೆಯ ನೀರಿನ ನಡುವಿನ ಸುಮಾರು 15 ಡಿಗ್ರಿ ವ್ಯತ್ಯಾಸವನ್ನೇ ದುಡಿಸಿಕೊಂಡು ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ಕೊಡುವಂತೆ ಅದನ್ನು ಕಟ್ಟಿದರು. ಹದಿನೈದು ಡಿಗ್ರಿಯ ಇಳಿಜಾರಿಗೆ ಅಷ್ಟು ಬೆಲೆ ಇದ್ದರೆ ನೂರ ತೊಂಬತ್ತಕ್ಕೆ ಎಷ್ಟು!

ಕಾರ್ನೋನ ಸೂತ್ರ ಓದಿದವರಿಗೆ: 28 ಡಿಗ್ರಿ ಎಂದರೆ 301 ಕೆಲ್ವಿನ್, ಎಲ್‌ಎನ್‌ಜಿ 111 ಕೆಲ್ವಿನ್. ಒಂದರಿಂದ 111 ಭಾಗ 301 ಕಳೆದರೆ 0.63. ಕಣಿವೆ ಅಷ್ಟೇ ಆಳದಲ್ಲಿ ಉಳಿಯುವುದಾದರೆ, ಹರಿಯುವ ಶಾಖದ ನೂರಕ್ಕೆ 63 ಪಾಲನ್ನು ಕೆಲಸವಾಗಿ ಬದಲಿಸಲು ಪ್ರಕೃತಿ ಒಪ್ಪುತ್ತದೆ. ಆದರೆ ಕಣಿವೆ ಹಾಗೇ ಉಳಿಯುವುದಿಲ್ಲ. ಶಾಖ ಬಿದ್ದಷ್ಟೂ ಎಲ್‌ಎನ್‌ಜಿ ಬೆಚ್ಚಗಾಗುತ್ತದೆ, ಕಣಿವೆ ತುಂಬುತ್ತದೆ, ಇಳಿಜಾರು ತಗ್ಗುತ್ತದೆ.

ಹಾಗಾದರೆ ಇದು ಪುಕ್ಕಟೆ ಶಕ್ತಿ ಎನ್ನಬಹುದೇ?

ಎನ್ನಬಾರದು. ಪುಕ್ಕಟೆ ಎಂದು ಹೇಳುವವರನ್ನು ನಂಬಲೂ ಬಾರದು. ಕತಾರಿನಲ್ಲೋ ಆಸ್ಟ್ರೇಲಿಯಾದಲ್ಲೋ ಆ ಅನಿಲವನ್ನು ತಣಿಸುವಾಗ ಟನ್ನಿಗೆ ಸುಮಾರು 300 ಯೂನಿಟ್‌ನಷ್ಟು ಶಕ್ತಿ ಖರ್ಚಾಗಿರುತ್ತದೆ. ಸ್ಥಾವರದಿಂದ ಸ್ಥಾವರಕ್ಕೆ ಈ ಲೆಕ್ಕ ಕೊಂಚ ಹೆಚ್ಚುಕಡಿಮೆ. ಆ ಖರ್ಚು ಅನಿಲದ ಬೆಲೆಯಲ್ಲಿ ಸೇರಿಕೊಂಡೇ ನಮ್ಮ ದಡಕ್ಕೆ ಬರುತ್ತದೆ. ತಂಪಿಗೆ ನಾವು ದುಡ್ಡು ಕೊಟ್ಟಾಗಿದೆ. ಕೊಟ್ಟದ್ದರಲ್ಲಿ ಒಂದಿಷ್ಟನ್ನಾದರೂ ವಾಪಸು ಪಡೆಯುತ್ತೇವೋ, ಸಮುದ್ರಕ್ಕೆ ಚೆಲ್ಲುತ್ತೇವೋ ಎಂಬುದಷ್ಟೇ ಉಳಿದ ಪ್ರಶ್ನೆ.

ಈಗ ಆ ತಂಪೆಲ್ಲ ಎಲ್ಲಿಗೆ ಹೋಗುತ್ತಿದೆ?

ಲೋಕದ ಹೆಚ್ಚಿನ ಟರ್ಮಿನಲ್‌ಗಳಲ್ಲಿ, ಅಂದರೆ ಹಡಗಿನಿಂದ ಎಲ್‌ಎನ್‌ಜಿ ಇಳಿಸಿಕೊಳ್ಳುವ ಸ್ಥಾವರಗಳಲ್ಲಿ, ಸಮುದ್ರಕ್ಕೆ ಅಥವಾ ಗಾಳಿಗೆ. ಹಡಗಿನಿಂದ ಇಳಿದ ದ್ರವವನ್ನು ಮತ್ತೆ ಅನಿಲ ಮಾಡದೆ ಕೊಳವೆಗೆ ಬಿಡುವಂತಿಲ್ಲ. ಅದಕ್ಕೆ ಆವಿಕಾರಕಗಳಿವೆ. ಒಂದು ಬಗೆಯಲ್ಲಿ ಅಲ್ಯೂಮಿನಿಯಮ್ ಕೊಳವೆಗಳ ಸಾಲು ಗೋಡೆಯಂತೆ ನಿಂತಿರುತ್ತದೆ. ಹೊರಗೆ ಸಮುದ್ರದ ನೀರು ತೆಳುವಾದ ಪೊರೆಯಾಗಿ ಇಳಿಯುತ್ತದೆ, ಒಳಗೆ ಎಲ್‌ಎನ್‌ಜಿ ಮೇಲೇರುತ್ತ ಅನಿಲವಾಗುತ್ತದೆ. ನೀರು ಕೆಲವು ಡಿಗ್ರಿ ತಣ್ಣಗಾಗಿ ಕಡಲಿಗೆ ಮರಳುತ್ತದೆ. ಇನ್ನೊಂದು ಬಗೆಯಲ್ಲಿ ಗಾಳಿಯ ಶಾಖವನ್ನೇ ಬಳಸುತ್ತಾರೆ. ಮತ್ತೊಂದರಲ್ಲಿ ಬಂದ ಅನಿಲದಲ್ಲೇ ನೂರಕ್ಕೆ ಒಂದೂವರೆ ಪಾಲಿನಷ್ಟನ್ನು ಉರಿಸಿ ನೀರು ಕಾಯಿಸಿ, ಆ ನೀರಿನಲ್ಲಿ ಕೊಳವೆ ಮುಳುಗಿಸಿ ಆವಿ ಮಾಡುತ್ತಾರೆ. ಈ ಕೊನೆಯದು ನನಗೆ ಅತಿ ಬೇಸರದ ಸಂಗತಿ. ಖರ್ಚು ಮಾಡಿ ತಂದ ತಂಪನ್ನು ಹೋಗಲಾಡಿಸಲು ಮತ್ತೆ ಇಂಧನ ಸುಡುವುದು! ನಮ್ಮಂಥ ಬೆಚ್ಚಗಿನ ಕಡಲತೀರದಲ್ಲಿ ಅದರ ಅಗತ್ಯ ಬಹಳ ಕಡಿಮೆ.

ಕರೆಂಟು ಮಾಡುವ ಯಂತ್ರ ಹೇಗಿರುತ್ತದೆ?

ಉಗಿಯಂತ್ರದ ತಮ್ಮ ಎಂದುಕೊಳ್ಳಿ. ನೀರಿನ ಬದಲು ಪ್ರೊಪೇನ್. ಪ್ರೊಪೇನ್ ಸಾಧಾರಣ ಒತ್ತಡದಲ್ಲಿ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಹಾಗಾಗಿ ಅದನ್ನು ಕುದಿಸಲು ಸಮುದ್ರದ ನೀರು ಸಾಕು. ಕುದಿದು ಬಂದ ಆವಿ ಒತ್ತಡದಲ್ಲಿರುತ್ತದೆ, ಟರ್ಬೈನನ್ನು ತಿರುಗಿಸುತ್ತದೆ. ಟರ್ಬೈನಿನಿಂದ ಹೊರಬಿದ್ದ ಆವಿಯನ್ನು ಎಲ್‌ಎನ್‌ಜಿಯ ಕೊಳವೆಗಳಿಗೆ ತಾಗಿಸಿದರೆ ಅದು ಮತ್ತೆ ದ್ರವವಾಗಿ ತೊಟ್ಟಿಕ್ಕುತ್ತದೆ. ಪಂಪು ಅದನ್ನು ಮತ್ತೆ ಕುದಿಯುವ ಕಡೆಗೆ ತಳ್ಳುತ್ತದೆ. ಪ್ರೊಪೇನಿನ ಸುತ್ತು ಮುಗಿಯುವುದೇ ಇಲ್ಲ. ಅದು ಎಲ್ಲಿಯೂ ಉರಿಯುವುದಿಲ್ಲ. ಅತ್ತ ಎಲ್‌ಎನ್‌ಜಿಗೆ ಹೇಗೂ ಬೇಕಾಗಿದ್ದ ಶಾಖ ಸಿಕ್ಕಿ ಅನಿಲವಾಗುತ್ತದೆ. ಅಂದರೆ ಆವಿಕಾರಕದ ಕೆಲಸವನ್ನೂ ಇದೇ ಮಾಡಿತು, ನಡುವೆ ಕರೆಂಟೂ ಬಂತು.

ಇನ್ನೊಂದು ದಾರಿ ನೇರ ವಿಕಾಸದ್ದು. ದ್ರವಕ್ಕೆ ಒತ್ತಡ ಏರಿಸುವುದು ಸುಲಭ, ಅನಿಲಕ್ಕೆ ಕಷ್ಟ. ಆದ್ದರಿಂದ ಎಲ್‌ಎನ್‌ಜಿ ದ್ರವವಾಗಿರುವಾಗಲೇ ಕೊಳವೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಒತ್ತಡಕ್ಕೆ ಪಂಪ್ ಮಾಡಿ, ಸಮುದ್ರದ ನೀರಿನಿಂದ ಆವಿ ಮಾಡಿ, ಆ ಅನಿಲವನ್ನೇ ಟರ್ಬೈನಿನ ಮೂಲಕ ಹಾಯಿಸಿ ಕೊಳವೆಯ ಒತ್ತಡಕ್ಕೆ ಇಳಿಸುತ್ತಾರೆ. ಎರಡನ್ನೂ ಒಟ್ಟು ಸೇರಿಸಿದರೆ ಫಲ ಹೆಚ್ಚು.

ಇದನ್ನೆಲ್ಲ ಎಲ್ಲಾದರೂ ಮಾಡಿದ್ದಾರೆಯೇ, ಇಲ್ಲ ಪುಸ್ತಕದ ಮಾತೇ?

ನಾಲ್ಕು ದಶಕ ಕಳೆದಿದೆ. ಜಪಾನಿಗೆ ಮೊದಲ ಎಲ್‌ಎನ್‌ಜಿ ಹಡಗು ಅಲಾಸ್ಕಾದಿಂದ ಬಂದದ್ದು 1969ರಲ್ಲಿ. ಸ್ವಂತ ಇಂಧನವಿಲ್ಲದ ಆ ದೇಶಕ್ಕೆ 1973ರ ತೈಲ ಬಿಕ್ಕಟ್ಟು ಬಿಸಿ ಮುಟ್ಟಿಸಿತು. ಒಸಾಕಾ ಗ್ಯಾಸ್ ಕಂಪನಿ ತನ್ನ ಸೆನ್‌ಬೊಕು ಟರ್ಮಿನಲ್‌ನಲ್ಲಿ 1979ರಲ್ಲಿ 1,450 ಕಿಲೋವಾಟ್‌ನ ಪ್ರೊಪೇನ್ ಟರ್ಬೈನ್ ನಡೆಸಿತು. 1982ರಲ್ಲಿ ಅಲ್ಲಿಯೇ 6,000 ಕಿಲೋವಾಟ್‌ನ ಇನ್ನೊಂದು ಬಂತು. ಅದು ಮೇಲೆ ಹೇಳಿದ ಎರಡು ದಾರಿಗಳನ್ನೂ ಕೂಡಿಸಿದ್ದು. ಗಂಟೆಗೆ 150 ಟನ್ ಎಲ್‌ಎನ್‌ಜಿ ಅದರ ಮೂಲಕ ಹಾಯುತ್ತಿತ್ತು. ಭಾಗಿಸಿ ನೋಡಿದರೆ ಟನ್ನಿಗೆ 40 ಯೂನಿಟ್. ಆಮೇಲೆ ಜಪಾನಿನ ಬೇರೆ ಅನಿಲ ಮತ್ತು ವಿದ್ಯುತ್ ಕಂಪನಿಗಳೂ ಇಂಥವನ್ನು ಕಟ್ಟಿದವು.

ಕೊಚ್ಚಿಯಲ್ಲಿ ಮಾಡಿದರೆ ಎಷ್ಟು ಕರೆಂಟು ಬಂದೀತು?

ಕೊಚ್ಚಿಯ ಪುದುವೈಪ್‌ನಲ್ಲಿ ಪೆಟ್ರೋನೆಟ್ ಕಂಪನಿ ಕಟ್ಟಿದ ಟರ್ಮಿನಲ್ 2013ರಲ್ಲಿ ಶುರುವಾಯಿತು. ಸಾಮರ್ಥ್ಯ ವರ್ಷಕ್ಕೆ 50 ಲಕ್ಷ ಟನ್. ವರ್ಷದಲ್ಲಿ 8,760 ಗಂಟೆ. ಪೂರ್ತಿ ನಡೆದರೆ ಗಂಟೆಗೆ ಸುಮಾರು 570 ಟನ್. ಟನ್ನಿಗೆ 40 ಯೂನಿಟ್ ಹಿಡಿದರೆ ಸುಮಾರು 23 ಮೆಗಾವಾಟ್.

ನಮ್ಮ ಜಿಲ್ಲೆಯವರಿಗೆ ಇದನ್ನು ಅಂದಾಜಿಸುವುದು ಸುಲಭ. ಮೈಲಾಟಿಯಲ್ಲಿ ಎಣ್ಣೆ ಉರಿಸಿ ಕರೆಂಟು ಮಾಡಲು ಕಟ್ಟಿದ ಸ್ಥಾವರ ಸುಮಾರು 21 ಮೆಗಾವಾಟ್‌ನದು. ಹೆಚ್ಚುಕಡಿಮೆ ಅಷ್ಟೇ ಶಕ್ತಿ, ಎಣ್ಣೆಯಿಲ್ಲದೆ, ಹೊಗೆಯಿಲ್ಲದೆ. ಅಂಬಲತ್ತರದ ಸೌರ ಪಾರ್ಕ್ 50 ಮೆಗಾವಾಟ್‌ನದು, ಆದರೆ ಅದಕ್ಕೆ ರಾತ್ರಿಯಿದೆ, ಮಳೆಗಾಲದ ಆಟಿ ತಿಂಗಳಿದೆ. ವರ್ಷದ ಸರಾಸರಿ ಹಿಡಿದರೆ ಅಂಥ ಪಾರ್ಕಿನಿಂದ ಹತ್ತು ಮೆಗಾವಾಟ್‌ನ ಆಸುಪಾಸು. ತಂಪಿನ ಟರ್ಬೈನ್ ಅನಿಲ ಹರಿಯುವಷ್ಟು ಕಾಲ ಹಗಲೂ ರಾತ್ರಿಯೂ ನಡೆಯುತ್ತದೆ.

ಆದರೆ ‘ಪೂರ್ತಿ ನಡೆದರೆ’ ಎಂಬ ಮಾತನ್ನು ಮರೆಯಬೇಡಿ. ಕೊಳವೆ ಮಂಗಳೂರು ಮುಟ್ಟದೆ ಇದ್ದ ಅಷ್ಟೂ ವರ್ಷ ಆ ಟರ್ಮಿನಲ್ ತನ್ನ ಸಾಮರ್ಥ್ಯದ ಚಿಕ್ಕ ಪಾಲಿನಲ್ಲಿ ನಡೆಯುತ್ತಿತ್ತು. ಬಳಸುವವರಿಲ್ಲದಿದ್ದರೆ ಅನಿಲ ಹರಿಯುವುದಿಲ್ಲ. ಅನಿಲ ಹರಿಯದಿದ್ದರೆ ತಂಪೂ ಇಲ್ಲ. ಮಂಗಳೂರಿನ ಗೊಬ್ಬರದ ಕಾರ್ಖಾನೆ ಹೆಚ್ಚು ಅನಿಲ ಕೊಂಡಷ್ಟೂ ಪುದುವೈಪ್‌ನಲ್ಲಿ ತಂಪು ಹೆಚ್ಚು ಸಿಗುತ್ತದೆ. ನಮ್ಮ ನೆಲದಡಿಯ ಕೊಳವೆಗೂ ಆ ತಂಪಿಗೂ ಇರುವ ನಂಟು ಇದು.

ಇನ್ನೂ ಒಂದು ಅಳತೆಯನ್ನು ಪ್ರಾಮಾಣಿಕವಾಗಿ ಹೇಳಬೇಕು. ಅದೇ ಒಂದು ಟನ್ ಅನಿಲವನ್ನು ಒಳ್ಳೆಯ ಸ್ಥಾವರದಲ್ಲಿ ಉರಿಸಿದರೆ ಏಳು ಸಾವಿರ ಯೂನಿಟ್ ದಾಟುತ್ತದೆ. ತಂಪಿನಿಂದ ಬರುವ 40 ಅದರ ಮುಂದೆ ನೂರಕ್ಕೆ ಅರ್ಧ ಪಾಲು. ಇದರಿಂದ ಕೇರಳದ ಕರೆಂಟಿನ ಕೊರತೆ ತೀರುವುದಿಲ್ಲ. ಆದರೂ 23 ಮೆಗಾವಾಟ್ ಎಂಬುದು ಸಾವಿರಾರು ಮನೆಗಳ ಕರೆಂಟು. ಅದನ್ನು ಬಿಟ್ಟುಬಿಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಸರ್, ತಂಪು ಟನ್ನಿಗೆ 230 ಯೂನಿಟ್ ಇದೆ ಎಂದು ಓದಿದೆ. ಸಿಗುವುದು 40 ಮಾತ್ರವೇ?

ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದು. ಒಂದು ಕಿಲೋ ಎಲ್‌ಎನ್‌ಜಿ ನಮ್ಮ ಹವೆಯ ಮಟ್ಟಕ್ಕೆ ಬರುವಾಗ ಸುಮಾರು 830 ಕಿಲೋಜೂಲ್ ಶಾಖ ಹೀರುತ್ತದೆ ಎಂದು ಲೆಕ್ಕ ಹಿಡಿಯುವುದು ರೂಢಿ. ಟನ್ನಿಗೆ ಅದೇ 230 ಯೂನಿಟ್. ಆದರೆ ಅದು ಹೀರುವ ಶಾಖದ ಅಳತೆ, ಕೈಗೆ ಬರುವ ಕೆಲಸದ ಅಳತೆಯಲ್ಲ.

ನಷ್ಟ ಎಲ್ಲಿ ಎಂದರೆ, ಪ್ರೊಪೇನ್ ಒಂದೇ ಮೆಟ್ಟಿಲಿನಲ್ಲಿ ದ್ರವವಾಗುತ್ತದೆ, ಹೆಚ್ಚೆಂದರೆ ಸೊನ್ನೆಗಿಂತ ನಲವತ್ತು ಐವತ್ತು ಡಿಗ್ರಿ ಕೆಳಗೆ. ಎಲ್‌ಎನ್‌ಜಿ ಬರುವುದು 162 ಕೆಳಗಿನಿಂದ. ನಡುವಿನ ನೂರಕ್ಕೂ ಮಿಕ್ಕಿದ ಡಿಗ್ರಿಯ ಇಳಿಜಾರಿನಲ್ಲಿ ಶಾಖ ಸುಮ್ಮನೆ ಧುಮುಕುತ್ತದೆ, ಅಲ್ಲಿ ಚಕ್ರವೇ ಇಲ್ಲ. ಒಂದೇ ಅನಿಲದ ಬದಲು ಮಿಶ್ರಣ ಬಳಸಿದರೆ ಅದು ಒಂದೇ ಬಿಂದುವಿನಲ್ಲಿ ಅಲ್ಲದೆ ಹಂತಹಂತವಾಗಿ ದ್ರವವಾಗಿ ಎಲ್‌ಎನ್‌ಜಿಯ ಏರಿಕೆಗೆ ಹೆಚ್ಚು ಹೊಂದುತ್ತದೆ. ಎರಡು ಮೂರು ಸುತ್ತುಗಳನ್ನು ಮೆಟ್ಟಿಲಿನಂತೆ ಜೋಡಿಸುವುದೂ ಉಂಟು. ಫಲ ಹೆಚ್ಚುತ್ತದೆ, ಯಂತ್ರದ ಬೆಲೆಯೂ ಹೆಚ್ಚುತ್ತದೆ.

ಒತ್ತಡದ ತೊಡಕು ಬೇರೆ ಇದೆ. ದೂರದ ಕೊಳವೆಗೆ ಅನಿಲವನ್ನು ದೊಡ್ಡ ಒತ್ತಡದಲ್ಲೇ ಕೊಡಬೇಕು. ಒತ್ತಡ 46 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 46 ಪಟ್ಟು, ದಾಟಿದ ಮೇಲೆ ಮೀಥೇನ್ ಕುದಿಯುವುದೇ ಇಲ್ಲ, ದ್ರವ ಮತ್ತು ಅನಿಲದ ಗಡಿ ಅಳಿಸಿಹೋಗುತ್ತದೆ. ಆಳದ ತಂಪಿನಲ್ಲೇ ನಿಂತು ಶಾಖ ಹೀರುವ ಆ ಕುದಿಯುವ ಹಂತ ನಮಗೆ ಬಹಳ ಬೆಲೆಯದ್ದು. ಒತ್ತಡ ಏರಿದಷ್ಟೂ ಅದು ಕೈತಪ್ಪುತ್ತದೆ. ಪಕ್ಕದಲ್ಲೇ ಇರುವ ಸ್ಥಾವರಕ್ಕೆ ಕಡಿಮೆ ಒತ್ತಡದಲ್ಲಿ ಅನಿಲ ಕೊಡುವ ಟರ್ಮಿನಲ್‌ಗೆ ಈ ವಿದ್ಯೆ ಹೆಚ್ಚು ಒಗ್ಗುವುದು ಇದಕ್ಕಾಗಿ.

ಮಾಷ್ಟ್ರೇ, ಅಷ್ಟು ತಂಪಿನ ಗ್ಯಾಸು ನಮ್ಮ ತೋಟದ ಅಡಿಯಿಂದ ಹೋದರೆ ಅಡಿಕೆ ಮರದ ಬೇರು ಸಾಯುವುದಿಲ್ಲವೇ?

ನೆರೆಮನೆಯ ಹಿರಿಯರು ಕಳವಳದಿಂದ ಕೇಳಿದ್ದು. ಭಾವ, ನೀವು ಹೆದರಬೇಕಾಗಿಲ್ಲ. ತಂಪು ಪುದುವೈಪ್‌ನಲ್ಲೇ ಮುಗಿಯುತ್ತದೆ. ಕೊಳವೆಗೆ ಇಳಿಯುವ ಹೊತ್ತಿಗೆ ಅದು ಮಾಮೂಲು ಬೆಚ್ಚಗಿನ ಅನಿಲ. ನೂರಾರು ಕಿಲೋಮೀಟರ್ ಮಣ್ಣಿನಡಿ ಬಂದ ಮೇಲೆ ಮಣ್ಣಿನ ಬಿಸಿಯೇ ಅದರ ಬಿಸಿ. ದ್ರವವಾಗಿ ಇಷ್ಟು ದೂರ ತರುವುದು ಸಾಧ್ಯವೂ ಇಲ್ಲ. ಸಾಧಾರಣ ಉಕ್ಕು ಆ ತಂಪಿನಲ್ಲಿ ಗಾಜಿನಂತೆ ಪೆಡಸಾಗಿ ಒಡೆಯುತ್ತದೆ. ಅದಕ್ಕೇ ಟ್ಯಾಂಕಿನ ಒಳಗೋಡೆಗೆ ನೂರಕ್ಕೆ ಒಂಬತ್ತು ಪಾಲು ನಿಕ್ಕಲ್ ಬೆರೆಸಿದ ಉಕ್ಕು ಬಳಸುವುದು.

ತೋಟದವರಿಗೆ ಆದ ತೊಂದರೆ ಬೇರೆ, ಅದು ನಿಜವಾದದ್ದು. ಇಂಥ ಕೊಳವೆಗಳಿಗಾಗಿ ಮಾಡಿದ 1962ರ ಕಾನೂನಿನ ಪ್ರಕಾರ ಭೂಮಿ ನಿಮ್ಮದಾಗಿಯೇ ಉಳಿಯುತ್ತದೆ, ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಕೊಳವೆಯ ಮೇಲಿನ ಆ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಜ್ಜ ನೆಟ್ಟ ತೆಂಗು ಕಡಿಸಿಕೊಂಡವನಿಗೆ ಪಟ್ಟಿಯ ಅಗಲ ಕೆಲವೇ ಮೀಟರ್ ಎಂದು ಸಮಾಧಾನ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕರೆಂಟು ಬಿಡಿ ಮಾಷ್ಟ್ರೇ, ಆ ತಂಪಿನಲ್ಲಿ ನಮ್ಮ ಮೀನಿಗೆ ಐಸ್ ಮಾಡಬಹುದೋ?

ಮಂಜೇಶ್ವರದ ಬಂದರಿನ ಹತ್ತಿರ ಮೀನು ಮಾರುವ ಅಕ್ಕ ಒಬ್ಬರು ಕೇಳಿದರು. ಇಷ್ಟು ವರ್ಷಗಳಲ್ಲಿ ನನ್ನ ಬಳಿ ಬಂದ ಪ್ರಶ್ನೆಗಳಲ್ಲಿ ಇದೇ ಅತ್ಯಂತ ಸರಿಯಾದದ್ದು. ಅಂದು ರಾತ್ರಿ ಕೂತು ಲೆಕ್ಕ ಹಾಕಿದೆ.

28 ಡಿಗ್ರಿಯ ಒಂದು ಕಿಲೋ ನೀರನ್ನು ಸೊನ್ನೆಗೆ ಇಳಿಸಿ ಮಂಜುಗಡ್ಡೆ ಮಾಡಲು ಸುಮಾರು 450 ಕಿಲೋಜೂಲ್ ಶಾಖ ತೆಗೆಯಬೇಕು. ಒಂದು ಕಿಲೋ ಎಲ್‌ಎನ್‌ಜಿ 830 ಹೀರುತ್ತದೆ. ಸೋರಿಕೆ ಕಳೆದರೂ ಒಂದು ಟನ್ ಎಲ್‌ಎನ್‌ಜಿಯಿಂದ ಒಂದೂವರೆ ಟನ್ ಐಸ್. ಐಸ್ ಪ್ಲಾಂಟಿನಲ್ಲಿ ಒಂದು ಟನ್ ಐಸಿಗೆ ಏನಿಲ್ಲವೆಂದರೂ 50 ಯೂನಿಟ್ ಕರೆಂಟು ಬೇಕು. ಹಾಗಾದರೆ ಉಳಿಯುವುದು 75 ಯೂನಿಟ್. ಅದೇ ತಂಪನ್ನು ಟರ್ಬೈನಿಗೆ ಕೊಟ್ಟರೆ ಸಿಗುವುದು 40. ತಂಪನ್ನು ಕರೆಂಟು ಮಾಡಿ, ಆ ಕರೆಂಟಿನಿಂದ ಮತ್ತೆ ತಂಪು ಮಾಡುವುದು ಸುತ್ತುಬಳಸಿನ ದಾರಿ. ತಂಪು ಬೇಕಾದವರು ಹತ್ತಿರದಲ್ಲಿದ್ದರೆ ಅವರಿಗೆ ತಂಪನ್ನೇ ಕೊಡಬೇಕು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಆ ಅಕ್ಕನ ಪ್ರಶ್ನೆಯಿಂದ.

ಆದರೆ ಐಸಿಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ತಂಪು ಸಾಕು. 162 ಕೆಳಗಿನದ್ದನ್ನು ನೇರವಾಗಿ ಅದಕ್ಕೆ ಬಳಸುವುದು ಕಾಯಿಯ ಮೊದಲ ಹಾಲನ್ನು ಸಾರಿಗೆ ಸುರಿದಂತೆ. ಕಾಯಿಹಾಲು ತೆಗೆಯುವ ಕ್ರಮವೇ ಇಲ್ಲಿಯೂ ಸರಿ. ಮೊದಲ ಗಟ್ಟಿ ಹಾಲು, ಅಂದರೆ ಅತಿ ಆಳದ ತಂಪು, ಗಾಳಿಯಿಂದ ಆಮ್ಲಜನಕ ಮತ್ತು ಸಾರಜನಕ ಬೇರ್ಪಡಿಸಿ ದ್ರವ ಮಾಡುವುದಕ್ಕೆ. ಅದಕ್ಕೆ ಬೇಕಾದ ಕರೆಂಟು ಇದರಿಂದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಸ್ಪತ್ರೆಗೆ ಆಮ್ಲಜನಕ ಇಲ್ಲದ 2021ರ ಮೇ ತಿಂಗಳನ್ನು ಕಂಡ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಎರಡನೇ ಹಾಲು ಟರ್ಬೈನಿಗೆ. ಮೂರನೆಯದು ಶೀತಲಗೃಹಕ್ಕೆ, ಮೀನಿಗೆ, ಐಸಿಗೆ. ಕಡೆಗೆ ಉಳಿದದ್ದು ಗ್ಯಾಸ್ ಟರ್ಬೈನ್ ಸೇದುವ ಗಾಳಿಯನ್ನು ತಣಿಸಲು. ಅಂಥ ಟರ್ಬೈನ್ 15 ಡಿಗ್ರಿಗಿಂತ ಮೇಲಿನ ಪ್ರತಿ ಡಿಗ್ರಿಗೆ ತನ್ನ ಶಕ್ತಿಯ ನೂರಕ್ಕೆ ಅರ್ಧದಿಂದ ಮುಕ್ಕಾಲು ಪಾಲು ಕಳೆದುಕೊಳ್ಳುತ್ತದೆ. ನಮ್ಮ ಎಪ್ರಿಲ್ ತಿಂಗಳ ಸೆಕೆಯಲ್ಲಿ ಅದು ಸಣ್ಣ ನಷ್ಟವಲ್ಲ.

ಅಕ್ಕನಿಗೆ ನಾನು ಕೊಟ್ಟ ಉತ್ತರ ಮಾತ್ರ ಅವರಿಗೆ ಖುಷಿ ತರಲಿಲ್ಲ. ತಂಪನ್ನು ದೂರ ಸಾಗಿಸಲಾಗುವುದಿಲ್ಲ. ಕೊಚ್ಚಿ ಹತ್ತಿರದ ವೈಪಿನ್, ಮುನಂಬಂ ಕಡೆಯ ಮೀನುಗಾರರಿಗೆ ಸಿಗಬಹುದಾದ ಐಸ್ ಮಂಜೇಶ್ವರಕ್ಕೆ ಬರಲಾರದು.

ಹಾಗಾದರೆ ಕಾಸರಗೋಡಿಗೆ ಏನೂ ಇಲ್ಲವೇ?

ತಂಪು ಇಲ್ಲ, ಒತ್ತಡ ಇದೆ. ದೊಡ್ಡ ಕೊಳವೆಯಿಂದ ಊರಿನ ಜಾಲಕ್ಕೆ ಅನಿಲ ಕೊಡುವ ಕಡೆ ಒತ್ತಡ ಇಳಿಸಲೇಬೇಕು. ಈಗ ಒಂದು ಕವಾಟದಿಂದ ಇಳಿಸುತ್ತಾರೆ, ಆ ಶಕ್ತಿ ಹೋಯಿತೆಂದೇ ಲೆಕ್ಕ. ಇಳಿಸುವಾಗ ಪ್ರತಿ ಬಾರ್‌ಗೆ ಅರ್ಧ ಡಿಗ್ರಿಯಂತೆ ಅನಿಲ ತಣ್ಣಗೂ ಆಗುತ್ತದೆ. ಕವಾಟದ ಬದಲು ಚಿಕ್ಕ ಟರ್ಬೈನ್ ಇಟ್ಟರೆ ಕರೆಂಟು ಬರುತ್ತದೆ. ಯುರೋಪಿನಲ್ಲಿ ಇಂಥವು ಕೆಲಸ ಮಾಡಿವೆ. ಆದರೆ ಟರ್ಬೈನಿನಲ್ಲಿ ಅನಿಲ ಕವಾಟಕ್ಕಿಂತ ಬಹಳ ಹೆಚ್ಚು ತಣ್ಣಗಾಗುವುದರಿಂದ ಅದನ್ನು ಬೆಚ್ಚಗೆ ಮಾಡುವ ಏರ್ಪಾಡು ಬೇಕು, ದಿನವಿಡೀ ಒಳ್ಳೆಯ ಹರಿವೂ ಬೇಕು. ಮನೆಗಳ ಒಲೆಗೆ ಮಾತ್ರ ಅನಿಲ ಹೋಗುವಷ್ಟು ಕಾಲ ನಮ್ಮಲ್ಲಿ ಅದು ಗಿಟ್ಟದು. ದೊಡ್ಡ ಕಾರ್ಖಾನೆಗಳಿರುವ ಮಂಗಳೂರಿನ ತುದಿಯಲ್ಲಿ ಯೋಚಿಸಬಹುದಾದ ವಿಷಯ.

ಅಪಾಯದ ಬಗ್ಗೆ ಮುಚ್ಚಿಡದೆ ಹೇಳಿ.

ಕೊಳವೆಯದು ಬೇರೆ, ತಂಪಿನ ಯಂತ್ರದ್ದು ಬೇರೆ. ಕೊಳವೆಯ ಅಪಾಯಕ್ಕೆ 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂನಲ್ಲಿ ಆದದ್ದೇ ಸಾಕ್ಷಿ. ತುಕ್ಕು ಹಿಡಿದ ಕೊಳವೆಯಿಂದ ಅನಿಲ ಸೋರಿ, ಬೆಳಗಿನ ಒಲೆಯ ಕಿಡಿಗೆ ಹೊತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮಲಬಾರಿನಲ್ಲಿ ಜನ ಕೊಳವೆಗೆ ಅಡ್ಡ ನಿಂತಾಗ ಆ ಹೆಸರು ಮತ್ತೆ ಮತ್ತೆ ಕೇಳಿಬಂತು. ಆ ಭಯವನ್ನು ಅಜ್ಞಾನ ಎಂದು ತಳ್ಳಿಹಾಕಿದವರ ಜೊತೆ ನಾನು ಇಲ್ಲ. ಕೊಳವೆಯ ಒಳಗೆ ಪರೀಕ್ಷಾ ಯಂತ್ರ ಓಡಿಸಿ ಗೋಡೆಯ ದಪ್ಪ ಅಳೆಯುವ ವ್ಯವಸ್ಥೆ ಇದೆ. ಅದು ಕಾಲಕಾಲಕ್ಕೆ ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ಪಂಚಾಯತಿನ ಪ್ರತಿಯೊಬ್ಬ ಸದಸ್ಯನಿಗೂ ಇದೆ, ಕೇಳಬೇಕು.

ಟರ್ಮಿನಲ್‌ನಲ್ಲಿ ಎಲ್‌ಎನ್‌ಜಿ ಚೆಲ್ಲಿದರೆ ಬಿಳಿ ಮಂಜು ನೆಲ ಹಿಡಿದು ಹಬ್ಬುತ್ತದೆ. ಆ ಬಿಳುಪು ಗಾಳಿಯ ತೇವ ಹೆಪ್ಪುಗಟ್ಟಿದ್ದು, ಅನಿಲ ಕಣ್ಣಿಗೆ ಕಾಣುವುದಿಲ್ಲ. ಹಗುರವಾದ ಮೀಥೇನ್ ಕೂಡ ಅತಿ ತಣ್ಣಗಿರುವಾಗ ಗಾಳಿಗಿಂತ ಭಾರ, ಬೆಚ್ಚಗಾದ ಮೇಲೆಯೇ ಮೇಲೇರುವುದು. ಮೈಗೆ ತಾಗಿದರೆ ಸುಟ್ಟ ಗಾಯದಂಥ ಗಾಯ. ತಂಪಿನ ಟರ್ಬೈನ್ ಇದಕ್ಕೆ ಇನ್ನೊಂದು ಉರಿಯುವ ವಸ್ತುವನ್ನು ಸೇರಿಸುತ್ತದೆ, ಪ್ರೊಪೇನ್. ಅದನ್ನು ಕಡೆಗಣಿಸಿ ಸ್ಥಾವರ ಕಟ್ಟಬಾರದು.

ತಣ್ಣಗಿನ ನೀರು ಬಿಟ್ಟರೆ ಕಡಲಿನ ಮೀನಿಗೆ ಏನಾಗುತ್ತದೆ?

ನೀರು ಸಾಮಾನ್ಯವಾಗಿ ಐದು ಡಿಗ್ರಿಯಷ್ಟು ತಣ್ಣಗಾಗಿ ಹೊರಬೀಳುತ್ತದೆ. ಅದರಲ್ಲಿ ಪಾಚಿ ಕಟ್ಟದಂತೆ ಹಾಕಿದ ಕ್ಲೋರಿನ್ ಅಂಶವೂ ಇರುತ್ತದೆ. ನೀರು ಹೊರಬೀಳುವ ಜಾಗದ ಹತ್ತಿರದ ಮೀನಿನ ಮೊಟ್ಟೆ, ಮರಿಗಳಿಗೆ ತೊಂದರೆಯೇ. ತಂಪನ್ನು ಐಸಿಗೆ, ಸಾರಜನಕಕ್ಕೆ ಬಳಸಿದಷ್ಟೂ ಸಮುದ್ರಕ್ಕೆ ಬೀಳುವ ತಂಪು ಕಡಿಮೆಯಾಗುತ್ತದೆ.

ಇದು ಹಸಿರು ಶಕ್ತಿಯೇ?

ಅನಿಲ ನೆಲದಡಿಯ ಇಂಧನವೇ, ಉರಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಸೋರಿದ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಅದಕ್ಕಿಂತ 28 ಪಟ್ಟು ಕೆಟ್ಟದ್ದು. ತಂಪಿನ ಕರೆಂಟಿಗೆ ಹೆಚ್ಚಿಗೆ ಏನನ್ನೂ ಸುಡಬೇಕಾಗಿಲ್ಲ, ಅಷ್ಟು ಮಾತ್ರ ನಿಜ. ಅನಿಲ ತರಿಸುವುದಕ್ಕೆ ಇದೊಂದು ನೆಪ ಆಗಬಾರದು. ತರಿಸುವುದು ಹೇಗೂ ಆದ ಮೇಲೆ ತಂಪನ್ನು ಚೆಲ್ಲಬಾರದು.

ಇದನ್ನು ಶಾಲೆಯಲ್ಲಿ ಮಕ್ಕಳಿಗೆ ತೋರಿಸಬಹುದೇ?

ಖಂಡಿತ. ಕೆಟ್ಟುಹೋದ ಚಿಕ್ಕ ನೀರು ತಣಿಸುವ ಯಂತ್ರದಲ್ಲಿ ಬಿಸ್ಕತ್ತಿನ ಗಾತ್ರದ ಚೌಕ ಬಿಲ್ಲೆಯೊಂದು ಸಿಗುತ್ತದೆ, ಪೆಲ್ಟಿಯರ್ ಬಿಲ್ಲೆ ಎನ್ನುತ್ತಾರೆ. ಹೊಸದು ಕೊಂಡರೂ ಬೆಲೆ ಹೆಚ್ಚಿಲ್ಲ. ಎರಡು ತೆಳು ಅಲ್ಯೂಮಿನಿಯಮ್ ಡಬ್ಬಿಗಳ ನಡುವೆ ಅದನ್ನು ಬಿಗಿಯಾಗಿ ಕೂರಿಸಿ. ತಾಗುವ ಕಡೆ ಶಾಖ ದಾಟಿಸುವ ಬಿಳಿ ಪೇಸ್ಟ್ ಹಚ್ಚಿದರೆ ಒಳ್ಳೆಯದು. ಬಿಲ್ಲೆಯ ಎರಡು ವಯರುಗಳಿಗೆ ಆಟಿಕೆಯ ಚಿಕ್ಕ ಮೋಟಾರು, ಅದಕ್ಕೆ ಕಾಗದದ ಫ್ಯಾನ್. ಒಂದು ಡಬ್ಬಿಗೆ ಬಾವಿಯ ನೀರು, ಇನ್ನೊಂದಕ್ಕೂ ಬಾವಿಯ ನೀರು ಹಾಕಿ. ಏನೂ ಆಗುವುದಿಲ್ಲ. ಒಂದರ ನೀರು ಚೆಲ್ಲಿ ಪುಡಿ ಮಾಡಿದ ಐಸಿಗೆ ಎರಡು ಹಿಡಿ ಉಪ್ಪು ಬೆರೆಸಿ ತುಂಬಿಸಿ. ಮೋಟಾರು ಹಗುರವಾದದ್ದಾದರೆ ಫ್ಯಾನ್ ತಿರುಗತೊಡಗುತ್ತದೆ. ತಿರುಗದಿದ್ದರೆ ಬಾವಿಯ ನೀರಿನ ಬದಲು ಬಿಸಿನೀರು ಹಾಕಿ ನೋಡಿ, ಆಮೇಲೆ ಅದನ್ನು ನಿಧಾನವಾಗಿ ತಣಿಯಲು ಬಿಡಿ.

ನಾನು ಇದನ್ನು ಮಾಡಿ ತೋರಿಸಿದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಫ್ಯಾನಿನ ಸುತ್ತುಗಳನ್ನು ಎಣಿಸುತ್ತ ಕೂತಿದ್ದಳು. ಐಸ್ ಕರಗುತ್ತ ಬಂದಂತೆ ಫ್ಯಾನ್ ನಿಧಾನವಾಯಿತು, ಮತ್ತೆ ನಿಂತಿತು. ಅವಳು ಎರಡೂ ಡಬ್ಬಿಗಳಿಗೆ ಬೆರಳು ಅದ್ದಿ ನೋಡಿ, ‘ಈಗ ಎರಡೂ ಒಂದೇ ಸರ್’ ಎಂದಳು.